ಕರಿನೀರಿನಾಚೆಗೂ ಅವನು ನಮ್ಮವನೇ?



ಸಾವಿಗಿಂತ ದೊಡ್ಡ ಶಿಕ್ಷೆ ಉಂಟೇ? ಇಲ್ಲವೆಂದು ನಾವು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ನಮ್ಮ ಕೊಪ್ಪಳ ಸೀಮೆಗೆ ಅಷ್ಟೇನೂ ದೂರವಲ್ಲದ ಸುರಪುರದ ಯುವ ದೊರೆ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟರು. ಬ್ರಿಟಿಷರ ವಿರುದ್ಧ ಬಂಡೆದ್ದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕಾಗ ಅವರಿಗಿನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಸೆರೆಯಲ್ಲಿದ್ದ ಅವರನ್ನು ಕಾಣಲು ಬಂದವನು ಮೆಡೋಸ್ ಟೇಲರ್. ದೊರೆ ಬಾಲಕರಾಗಿದ್ದಾಗ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಆಂಗ್ಲ ಅಧಿಕಾರಿ ಈತ. ದೊರೆ ಆತನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದರು. ಆ ಭೇಟಿಯನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಕಳ್ಳನಂತೆ ನೇಣಿಗೆ ಹಾಕಬೇಡಿ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಿ, ಆದರೆ ಕಡಲಾಚೆಗೆ ಮಾತ್ರ ಸಾಗಿಸಬೇಡಿ. ನಮ್ಮ ಬೇಡರಲ್ಲಿ ಕಡುಬಡವನೂ ಸೆರೆಯಲ್ಲಿ ಬದುಕಲಾರ, ಇನ್ನು ದೊರೆಯಾದ ನಾನು ಬದುಕುವುದುಂಟೇ? ಇದು ಅವರ ಮಾತಿನ ಸಾರ.

ವಿಚಾರಣೆ ನಡೆದು ಮರಣದಂಡನೆಯ ತೀರ್ಪಾಯಿತು. ಹೈದರಾಬಾದಿನ ರೆಸಿಡೆಂಟನು ಅದನ್ನು ಇಳಿಸಿ ಜೀವಾವಧಿ ಕಡಲಾಚೆಯ ಗಡೀಪಾರು ಎಂದ. ಗವರ್ನರ್ ಜನರಲ್ ಮತ್ತೂ ಇಳಿಸಿ, ಮದರಾಸಿನ ಬಳಿಯ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆ ಎಂದ. ಎರಡು ಸಲ ತೋರಿದ ಈ ದಯೆ ಕೊನೆಗೆ ಯಾವ ಉಪಯೋಗಕ್ಕೂ ಬರಲಿಲ್ಲ. ಮೇ 11ರಂದು, ಚೆಂಗಲ್‌ಪಟ್ಟಿಗೆ ಸಾಗುವ ದಾರಿಯಲ್ಲಿ, ಬೆಂಗಾವಲು ಅಧಿಕಾರಿಯ ಪಿಸ್ತೂಲಿನ ಗುಂಡು ತಗುಲಿ ದೊರೆ ತೀರಿಕೊಂಡರು. ಅವರ ಕೈಯಿಂದಲೇ ಗುಂಡು ಹಾರಿತೆಂದು ಬ್ರಿಟಿಷರು ಬರೆದರು. ಬ್ರಿಟಿಷರೇ ಕೊಂದರೆಂದು ನಮ್ಮ ಜನ ನಂಬಿದರು.

ಅದಾಗಿ ಮೂರು ವಾರಕ್ಕೆ, ಜೂನ್ 1ರಂದು, ಮುಂಡರಗಿ ಭೀಮರಾಯರು ಮತ್ತು ಹಮ್ಮಿಗೆಯ ಕೆಂಚನಗೌಡರು ನಮ್ಮ ಕೊಪ್ಪಳದ ಕೋಟೆಯಲ್ಲೇ ಕಾದಾಡುತ್ತ ಮಡಿದರು. ಜೂನ್ 12ರಂದು ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಇವರ ಹೆಸರುಗಳು ನಮ್ಮ ಮಕ್ಕಳ ಶಾಲಾ ಪುಸ್ತಕದಲ್ಲಿವೆ. ಕೋಟೆಯ ಗುಡ್ಡ ಇಂದಿಗೂ ನಮ್ಮ ಕಣ್ಣೆದುರಿಗಿದೆ. ಆದರೆ ಸಾಯದೆ, ಗಲ್ಲಿಗೂ ಏರದೆ, ಕೈಕಾಲಿಗೆ ಬೇಡಿ ತೊಡಿಸಿಕೊಂಡು ಹಡಗು ಹತ್ತಿದವರು ಏನಾದರು? ಇಂದು ಅವರನ್ನು ಮುಂದಿಟ್ಟುಕೊಂಡು ಒಂದು ಧರ್ಮಪ್ರಶ್ನೆಯನ್ನು ನಿಮ್ಮೊಡನೆ ವಿಚಾರಿಸಬಯಸುತ್ತೇನೆ. ತಪ್ಪು ಮಾಡಿದವನಿಗೆ ಶಿಕ್ಷೆ ಕೊಡುವ ಹಕ್ಕು ಸಮಾಜಕ್ಕೆ ಇದೆ. ಅವನನ್ನು 'ಇನ್ನು ನೀನು ನಮ್ಮವನಲ್ಲ' ಎಂದು ದೂಡಿಬಿಡುವ ಹಕ್ಕೂ ಇದೆಯೇ?

ಹಣೆಯ ಮೇಲಿನ ಬರಹ

ಕಡಲಾಚೆಗೆ ಕೈದಿಗಳನ್ನು ಸಾಗಿಸುವ ಪದ್ಧತಿ 1858ರಲ್ಲಿ ಹೊಸದೇನಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಕೊನೆಯಿಂದಲೇ ಈಸ್ಟ್ ಇಂಡಿಯಾ ಕಂಪನಿಯು ಭಾರತದ ಕೈದಿಗಳನ್ನು ಸುಮಾತ್ರಾದ ಬೆಂಕೂಲನ್, ಪಿನಾಂಗ್ ಮುಂತಾದ ಕಡೆಗೆ ಕಳುಹಿಸುತ್ತಿತ್ತು. ಮುಂದೆ ಮಾರಿಷಸ್, ಸಿಂಗಪುರ, ಬರ್ಮಾ ತೀರಗಳು ಸೇರಿದವು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದಾಗ ಅವನ ಸಂಗಡಿಗರಲ್ಲಿ ಕೆಲವರಿಗೆ ಗಲ್ಲು, ಕೆಲವರಿಗೆ ಕಡಲಾಚೆಯ ಸೆರೆ ಆಯಿತು. 1837ರ ಕೊಡಗು-ತುಳುನಾಡಿನ ದಂಗೆಯ ಕೆಲವು ಬಂಡಾಯಗಾರರ ಪಾಲಿಗೆ ಸಿಂಗಪುರ ಬಂತು. ಇಂದು ಆ ಸಿಂಗಪುರವನ್ನು ನೋಡಿ ಬಂದವರು ಅಲ್ಲಿಯ ಬಿಳಿಯ ಸಂತ ಆಂಡ್ರೂಸ್ ದೇವಾಲಯವನ್ನು ಹೊಗಳುತ್ತಾರೆ. ಆ ಆಂಗ್ಲಿಕನ್ ದೇವಾಲಯವನ್ನು 1850ರ ದಶಕದಲ್ಲಿ ಕಟ್ಟತೊಡಗಿದಾಗ ಕೆಲಸಕ್ಕೆ ನಿಂತವರು ಭಾರತದಿಂದ ಹೋದ ಕೈದಿಗಳು.

ಹಡಗು ಹತ್ತುವುದೆಂದರೆ ಅಂದಿನವರಿಗೆ ಏನಾಗಿತ್ತು? ಕಡಲು ದಾಟಿದರೆ ಜಾತಿ ಕೆಡುತ್ತದೆಂದು ನಂಬಿದ್ದ ಕಾಲವದು. ಜಾತಿ ಕೆಟ್ಟವನಿಗೆ ಪಂಕ್ತಿಯಿಲ್ಲ, ಮಕ್ಕಳಿಗೆ ಸಂಬಂಧವಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ. ಹೆಂಡತಿ ಕುಂಕುಮ ಇಟ್ಟುಕೊಳ್ಳಬೇಕೋ ಅಳಿಸಬೇಕೋ ಹೇಳುವವರಿಲ್ಲ. ಸತ್ತರೆ ಬಾಯಿಗೆ ನೀರು ಬಿಡಲು ಮಗನಿಲ್ಲ, ಹಿಡಿ ಮಣ್ಣು ಹಾಕಲು ಬಂಧುಗಳಿಲ್ಲ. ಆದ್ದರಿಂದಲೇ ಜನ ಅದನ್ನು 'ಕರಿನೀರಿನ ಶಿಕ್ಷೆ' ಎಂದರು. ಮನುಷ್ಯ ಉಸಿರಾಡುತ್ತಿರುವಾಗಲೇ ಅವನ ಸುತ್ತಲಿನ ಸಂಬಂಧಗಳನ್ನೆಲ್ಲ ಒಂದೊಂದಾಗಿ ಕಡಿದುಹಾಕುವ ಶಿಕ್ಷೆ ಅದು. ಸುರಪುರದ ದೊರೆ ತೋಪಿನ ಬಾಯಿಯನ್ನು ಏಕೆ ಕೇಳಿಕೊಂಡರೆಂದು ಈಗ ನಮಗೆ ಅರ್ಥವಾದೀತು.

ಇನ್ನೂ ಒಂದು ಕ್ರೌರ್ಯವಿತ್ತು. ಕಂಪನಿ ಆಳ್ವಿಕೆಯ ಹಲವು ಕಡೆ ಜೀವಾವಧಿ ಕೈದಿಯ ಹಣೆಯ ಮೇಲೆ ಅವನ ಅಪರಾಧವನ್ನು ಹಚ್ಚೆ ಹೊಯ್ಯುತ್ತಿದ್ದರು. 1849ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸುವವರೆಗೂ ಇದು ನಡೆಯಿತು. ತಪ್ಪಿಸಿಕೊಂಡು ಯಾವ ಊರಿಗೆ ಹೋದರೂ ಅವನ ಮುಖವೇ ಅವನ ಮೇಲೆ ಸಾಕ್ಷಿ ಹೇಳುತ್ತಿತ್ತು. ಮುಂಡಾಸನ್ನು ಹುಬ್ಬಿನವರೆಗೆ ಎಳೆದುಕೊಂಡು ಅದನ್ನು ಮುಚ್ಚಿಕೊಳ್ಳುವವರಿದ್ದರಂತೆ.

ಇದನ್ನು ಓದುವಾಗ ಆದಿಕಾಂಡದ ಕಾಯಿನ ನೆನಪಾಗುವುದಿಲ್ಲವೇ? ಪವಿತ್ರ ಗ್ರಂಥದಲ್ಲಿ ಮೊದಲ ಕೊಲೆಗಾರನೂ ಅವನೇ, ಕೊಲೆಗಾಗಿ ಗಡೀಪಾರಾದ ಮೊದಲಿಗನೂ ಅವನೇ. ತಮ್ಮನನ್ನು ಕೊಂದ ಅವನಿಗೆ ದೇವರು ಶಿಕ್ಷೆ ಕೊಟ್ಟರು. ಹೊಲದಿಂದ ದೂರ, ಅಲೆಮಾರಿಯಾಗಿ ಬಾಳಬೇಕೆಂದರು. ಈ ಶಿಕ್ಷೆ ನನ್ನಿಂದ ತಡೆಯಲಾಗದು, ಕಂಡವರು ನನ್ನನ್ನು ಕೊಲ್ಲುವರೆಂದು ಅವನು ಗೋಳಿಟ್ಟ. ಆಗ ದೇವರು ಮಾಡಿದ್ದೇನು? ಅವನ ಮೇಲೊಂದು ಗುರುತು ಹಾಕಿದರು. ಯಾರೂ ಅವನನ್ನು ಕೊಲ್ಲಬಾರದೆಂದು ಹಾಕಿದ ಗುರುತು ಅದು. ಕಂಪನಿ ಸರ್ಕಾರ ಬರೆದ ಹಚ್ಚೆಯು 'ಇವನಿಂದ ದೂರವಿರಿ' ಎಂದು ಸಾರಿತು. ದೇವರ ಗುರುತು 'ಇವನು ಇನ್ನೂ ನನ್ನವನು' ಎಂದಿತು. ಕಾಯಿನನಿಗೆ ಶಿಕ್ಷೆ ತಪ್ಪಲಿಲ್ಲ, ದೇವರ ಕಣ್ಣೂ ತಪ್ಪಲಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದರಲ್ಲೇ ನಮ್ಮ ಪ್ರಶ್ನೆಯ ಉತ್ತರವಿದೆ.

ಉಳಿದವರು ಅತ್ತರು

ಬ್ರಿಟಿಷರು ಈ ಶಿಕ್ಷೆಯನ್ನು ನಮಗಾಗಿ ಮಾತ್ರ ಇಟ್ಟುಕೊಂಡಿರಲಿಲ್ಲ. ತಮ್ಮ ಬಡವರ ಮೇಲೂ ಪ್ರಯೋಗಿಸಿದರು. 1788ರಿಂದ 1868ರವರೆಗಿನ ಎಂಬತ್ತು ವರ್ಷಗಳಲ್ಲಿ ಸುಮಾರು 1,60,000 ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ಅವರಲ್ಲಿ ಬಹಳ ಜನ ಬಟ್ಟೆ, ಪಾತ್ರೆ, ಕುರಿ ಕದ್ದಂಥವರು. ಅವರ ಪೈಕಿ ಕಥೋಲಿಕ ಐರ್ಲೆಂಡಿನವರೂ ಸಾವಿರಾರು. 1798ರ ಐರಿಷ್ ದಂಗೆಯಲ್ಲಿ ಕೈಯಿತ್ತೆಂಬ ಆರೋಪದ ಮೇಲೆ ಗುರುಗಳನ್ನೂ ಹಡಗು ಹತ್ತಿಸಿದರು. ಅವರಲ್ಲೊಬ್ಬರು ಫಾದರ್ ಜೇಮ್ಸ್ ಡಿಕ್ಸನ್. ರಾಜ್ಯಪಾಲರ ಅನುಮತಿ ಪಡೆದು 1803ರ ಮೇ 15ರಂದು ಅವರು ಸಿಡ್ನಿಯಲ್ಲಿ ಬಲಿಪೂಜೆ ಅರ್ಪಿಸಿದರು. ಆ ನಾಡಿನ ಧರ್ಮಸಭೆಯ ಚರಿತ್ರೆಯಲ್ಲಿ ಅಧಿಕೃತ ಅನುಮತಿಯಿಂದ ಬಹಿರಂಗವಾಗಿ ನಡೆದ ಮೊದಲ ಪೂಜೆ ಅದು. ಅರ್ಪಿಸಿದವರೂ ಕೈದಿ, ಮೊಣಕಾಲೂರಿದವರಲ್ಲಿ ಬಹುಪಾಲು ಜನರೂ ಕೈದಿಗಳು. ಮರುವರ್ಷ ಐರಿಷ್ ಕೈದಿಗಳು ಬಂಡೆದ್ದ ಮೇಲೆ ಆ ಅನುಮತಿಯನ್ನು ಸರ್ಕಾರ ಹಿಂತೆಗೆದುಕೊಂಡಿತು.

ಆಸ್ಟ್ರೇಲಿಯಾದಲ್ಲೂ ಮತ್ತೆ ತಪ್ಪು ಮಾಡಿದವರಿಗಾಗಿ ನಾರ್ಫೋಕ್ ಎಂಬ ಒಂಟಿ ದ್ವೀಪವಿತ್ತು. 1834ರಲ್ಲಿ ಅಲ್ಲಿಯ ಕೈದಿಗಳು ದಂಗೆಯೆದ್ದರು. ಹಲವರಿಗೆ ಮರಣದಂಡನೆಯಾಯಿತು, ಅವರಲ್ಲಿ 13 ಮಂದಿಗೆ ಮಾತ್ರ ಅದು ಖಾಯಂ ಆಗಿ, ಉಳಿದವರಿಗೆ ಜೀವದಾನ ಸಿಕ್ಕಿತು. ಆ ಸುದ್ದಿ ತಿಳಿಸಲು, ಸಾಯುವವರನ್ನು ಸಿದ್ಧಗೊಳಿಸಲು ಹೋದವರು ಬೆನೆಡಿಕ್ಟಿನ್ ಗುರು ವಿಲಿಯಂ ಅಲ್ಲತಾರ್ನ್. ಮುಂದೆ ಇವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಧರ್ಮಾಧ್ಯಕ್ಷರಾದರು. ಅವರು ಹೆಸರುಗಳನ್ನು ಓದುತ್ತಾ ಹೋದಂತೆ ಸಾಯಬೇಕಾದವರು ಒಬ್ಬೊಬ್ಬರಾಗಿ ಮೊಣಕಾಲೂರಿ, ಈ ಸ್ಥಳದಿಂದ ಬಿಡುಗಡೆ ಸಿಕ್ಕಿತೆಂದು ದೇವರಿಗೆ ಕೃತಜ್ಞತೆ ಸಲ್ಲಿಸಿದರು. ಜೀವದಾನ ಪಡೆದವರು ನಿಂತಲ್ಲೇ ಮೂಕರಾಗಿ ಅತ್ತರು. ಅಲ್ಲತಾರ್ನರು ಇದನ್ನು ಮರೆಯಲಿಲ್ಲ. 1838ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಈ ಶಿಕ್ಷೆಯ ಘೋರತೆಯ ಬಗ್ಗೆ ಸಾಕ್ಷಿ ನುಡಿದರು. 1840ರಲ್ಲಿ ಸಿಡ್ನಿಯಿರುವ ನ್ಯೂ ಸೌತ್ ವೇಲ್ಸಿಗೆ ಕೈದಿಗಳನ್ನು ಕಳುಹಿಸುವುದು ನಿಂತಿತು.

ತಮ್ಮವರ ವಿಷಯದಲ್ಲಿ ಈ ಶಿಕ್ಷೆಯನ್ನು ಕೈಬಿಡತೊಡಗಿದ ಅದೇ ಆಡಳಿತ ನಮ್ಮವರಿಗಾಗಿ ಹೊಸದೊಂದು ದ್ವೀಪ ಹುಡುಕಿತು. 1858ರ ಮಾರ್ಚ್ 10ರಂದು 200 ಕೈದಿಗಳೊಡನೆ ಹಡಗು ಅಂಡಮಾನಿಗೆ ಬಂದು ನಿಂತಿತು. ಸುರಪುರದ ದೊರೆ ಸೆರೆಯಲ್ಲಿದ್ದ ದಿನಗಳವು. ಕಾಡು ಕಡಿಯುತ್ತ, ಜ್ವರದಲ್ಲಿ ಬೇಯುತ್ತ, ಅನೇಕರು ತಪ್ಪಿಸಿಕೊಂಡು ಓಡಿದರು. ಸಿಕ್ಕಿಬಿದ್ದವರಲ್ಲಿ 80ಕ್ಕೂ ಹೆಚ್ಚು ಮಂದಿಯನ್ನು ಅಲ್ಲಿನ ಮೇಲ್ವಿಚಾರಕ ವಾಕರ್ ಗಲ್ಲಿಗೇರಿಸಿದ. ಆಗ ಕೊಪ್ಪಳ-ಯಲಬುರ್ಗಾಗಳು ಹೈದರಾಬಾದ್ ಸಂಸ್ಥಾನದ ಸಾಲಾರ್‌ಜಂಗರ ಜಹಗೀರು. ಆ ಹೈದರಾಬಾದಿನಲ್ಲೇ 1857ರ ಜುಲೈಯಲ್ಲಿ ರೆಸಿಡೆನ್ಸಿಯ ಮೇಲೆ ದಾಳಿ ನಡೆಸಿದ ಮೌಲವಿ ಅಲ್ಲಾವುದ್ದೀನರನ್ನು 1859ರಲ್ಲಿ ಅಂಡಮಾನಿಗೆ ಕಳುಹಿಸಿದರು. ಅವರು ಅಲ್ಲೇ ಮಣ್ಣಾದರು. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲಿನ ಸುಮಾರು 700 ಒಂಟಿಕೋಣೆಗಳನ್ನು ಒಬ್ಬನ ಮುಖ ಇನ್ನೊಬ್ಬನಿಗೆ ಕಾಣದಂತೆ ರಚಿಸಿದ್ದರು. ಊರಿನಿಂದ ಬೇರ್ಪಡಿಸಿದ್ದು ಸಾಲದೆಂದು ಮನುಷ್ಯ ಮುಖದಿಂದಲೇ ಬೇರ್ಪಡಿಸಿದಂತಾಯಿತು.

ನಮ್ಮ ಕಸವನ್ನು ಇನ್ನೊಬ್ಬರ ಅಂಗಳಕ್ಕೆ ಎಸೆದಂತೆ ಈ ಶಿಕ್ಷೆಯ ಭಾರ ಏನೂ ಅರಿಯದವರ ಮೇಲೂ ಬಿತ್ತು. ದ್ವೀಪದ ಮೂಲನಿವಾಸಿಗಳಾದ ಗ್ರೇಟ್ ಅಂಡಮಾನಿಗಳು ಆಗ ಕೆಲವು ಸಾವಿರ ಜನರಿದ್ದರು. ಹೊರಗಿನಿಂದ ಬಂದ ರೋಗಗಳಿಂದ ಅವರ ಕುಲವೇ ಕರಗಿ, ಇಂದು ಐವತ್ತರ ಆಸುಪಾಸಿಗೆ ಇಳಿದಿದೆ.

ಆದರೂ, ಓದುಗರೇ, ಅಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಹಲವು ವರ್ಷ ಒಳ್ಳೆಯ ನಡತೆ ತೋರಿದ ಕೈದಿಗಳಿಗೆ ತಾವೇ ದುಡಿದು ತಿನ್ನಲು ಭೂಮಿ ಕೊಟ್ಟರು. ಸ್ತ್ರೀ ಕೈದಿಗಳೊಂದಿಗೆ ಮದುವೆಯಾಗಲು ಬಿಟ್ಟರು. ಬೇರೆ ಬೇರೆ ಭಾಷೆ, ಜಾತಿ, ಧರ್ಮದ ಈ ದಂಪತಿಗಳಿಗೆ ಮಕ್ಕಳಾದವು. ಅವರ ವಂಶಜರು ಇಂದು ಪೋರ್ಟ್ ಬ್ಲೇರಿನಲ್ಲಿ ಶಿಕ್ಷಕರು, ವ್ಯಾಪಾರಿಗಳು, ನೌಕರರು. ನ್ಯಾಯಾಲಯವೊಂದು 'ಇವನಿಂದ ಇನ್ನೇನೂ ಒಳಿತಿಲ್ಲ' ಎಂದು ತೀರ್ಮಾನಿಸಿದ್ದ ಮನುಷ್ಯ, ಹಿಡಿ ನೆಲವೂ ಒಂದು ಮನೆಯೂ ಸಿಕ್ಕಾಗ ತಂದೆಯಾದ, ಒಕ್ಕಲಿಗನಾದ. ಇದು ಆ ಶಿಕ್ಷೆಯ ಗುಣವೆಂದು ಯಾರೂ ತಿಳಿಯಬಾರದು. ಶಿಕ್ಷೆ ಸಡಿಲಾದ ಸಂದಿಯಲ್ಲಿ ಮನುಷ್ಯತ್ವ ಮೊಳೆತದ್ದು ಇದು.

ಕಾಂಟ್‌ನ ದ್ವೀಪ, ಥಾಮಸರ ಅಂಗ

ಈಗ ತುಸು ತರ್ಕಕ್ಕೆ ಬರೋಣ. ಜರ್ಮನಿಯ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಒಂದು ದ್ವೀಪದ ಉದಾಹರಣೆ ಕೊಟ್ಟ. ಒಂದು ದ್ವೀಪದ ಜನರೆಲ್ಲ ತಮ್ಮ ಸಮಾಜವನ್ನು ವಿಸರ್ಜಿಸಿ ಲೋಕದಲ್ಲಿ ಚದುರಿಹೋಗಲು ನಿರ್ಧರಿಸಿದರೆನ್ನಿ. ಹೊರಡುವ ಮುನ್ನ, ಸೆರೆಮನೆಯಲ್ಲಿರುವ ಕೊನೆಯ ಕೊಲೆಗಾರನನ್ನು ಅವರು ಗಲ್ಲಿಗೇರಿಸಲೇಬೇಕು. ಇಲ್ಲವಾದರೆ ಆ ರಕ್ತದ ಹೊಣೆ ಎಲ್ಲರ ಮೇಲೂ ಬರುತ್ತದೆ ಎಂದ. ಕೇಳಲು ಕಠೋರ. ಆದರೆ ಇದರ ಹಿಂದೆ ಒಂದು ಗೌರವವೂ ಇದೆ. ಕಾಂಟ್‌ನ ಲೆಕ್ಕದಲ್ಲಿ ಅಪರಾಧಿಯು ಬುದ್ಧಿಯಿರುವ, ಹೊಣೆ ಹೊರಬಲ್ಲ ವ್ಯಕ್ತಿ. ಅವನನ್ನು ಹೆದರಿಕೆಯ ಬೊಂಬೆಯನ್ನಾಗಿ ಬಳಸಬಾರದು. ಅವನ ಕೃತ್ಯಕ್ಕೆ ಅವನೇ ಉತ್ತರ ಕೊಡಬೇಕು. ಕಾಂಟ್ ಎಲ್ಲಿ ಎಡವಿದನೆಂದರೆ, ಹೊಣೆ ಹೊರಬಲ್ಲವನು ಬದಲಾಗಲೂ ಬಲ್ಲನೆಂಬುದಕ್ಕೆ ಅವನ ದ್ವೀಪದಲ್ಲಿ ಜಾಗವೇ ಇರಲಿಲ್ಲ.

ಅದೇ ಕಾಲದ ಆಂಗ್ಲ ಚಿಂತಕ ಬೆಂಥಾಮ್ ಬೇರೆ ಕಾರಣಕ್ಕೆ ಗಡೀಪಾರನ್ನು ವಿರೋಧಿಸಿದ. ಸಾವಿರಾರು ಮೈಲಿ ದೂರದಲ್ಲಿ ನಡೆಯುವ ಶಿಕ್ಷೆ ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಯಾರಿಗೂ ಪಾಠವಾಗುವುದಿಲ್ಲ ಎಂದು 1802ರಲ್ಲಿ ಬರೆದ. ಮಾತು ನಿಜ. ಆದರೆ ಕಾಣದಿರುವುದರ ದೊಡ್ಡ ಕೇಡು ಬೇರೆಯೇ ಇದೆ. ಕಣ್ಣಿಗೆ ಕಾಣದವನ ಮೇಲೆ ಏನು ನಡೆದರೂ ನಮ್ಮ ಮನಸ್ಸಾಕ್ಷಿ ಹಾಯಾಗಿ ನಿದ್ರಿಸುತ್ತದೆ. ನಾರ್ಫೋಕ್ ದ್ವೀಪದಲ್ಲಿ ನಡೆದದ್ದು ಲಂಡನ್ನಿನ ಬೀದಿಯಲ್ಲಿ ನಡೆದಿದ್ದರೆ ಎಷ್ಟು ದಿನ ಜನ ಸಹಿಸುತ್ತಿದ್ದರು?

ನಮ್ಮ ಸಂತ ಥಾಮಸ್ ಅಕ್ವಿನಾಸರು ಏನೆನ್ನುತ್ತಾರೆ? ದೇಹವನ್ನು ಉಳಿಸಲು ಕೊಳೆತ ಅಂಗವನ್ನು ಕತ್ತರಿಸುವಂತೆ, ಸಮಾಜಕ್ಕೆ ಮಾರಕನಾದವನನ್ನು ಆಳುವವರು ಕತ್ತರಿಸಬಹುದೆಂದು ಅವರು ಬರೆದದ್ದುಂಟು. ಇದನ್ನು ಮರೆಮಾಡಬೇಕಾಗಿಲ್ಲ. ಆದರೆ ಈ ಲೋಕದ ಶಿಕ್ಷೆಗಳು ಸೇಡಿಗಿಂತ ಹೆಚ್ಚಾಗಿ ಔಷಧದಂತಿರಬೇಕೆಂದೂ ಅವರೇ ಹೇಳಿದ್ದಾರೆ. ಈ ಎರಡನ್ನೂ ಜೊತೆಗಿಟ್ಟು ನೋಡಿ. ವೈದ್ಯನು ಕೈಯನ್ನು ಕತ್ತರಿಸುವುದು ಬೇರೆ ದಾರಿಯೇ ಇಲ್ಲದಾಗ. ಔಷಧ ಸಿಕ್ಕ ಮೇಲೂ ಕತ್ತಿ ಹಿಡಿಯುವವನು ವೈದ್ಯನಲ್ಲ. ಇಂದು ಅಪಾಯಕಾರಿ ವ್ಯಕ್ತಿಯನ್ನು ಕೊಲ್ಲದೆಯೇ ಸಮಾಜವನ್ನು ಕಾಪಾಡುವ ಶಕ್ತಿ ಸರ್ಕಾರಗಳಿಗಿದೆ. ಆದ್ದರಿಂದಲೇ 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಧರ್ಮಸಭೆಯ ಧರ್ಮೋಪದೇಶ ಗ್ರಂಥವನ್ನು ತಿದ್ದಿಸಿ, ಮರಣದಂಡನೆ ಒಪ್ಪತಕ್ಕದ್ದಲ್ಲವೆಂದು ಸೇರಿಸಿದರು. ಎಂದೂ ಬಿಡುಗಡೆಯ ಆಸೆಯಿಲ್ಲದ ಜೀವಾವಧಿ ಸೆರೆಯು ಮರೆಯಲ್ಲಿ ನಡೆಯುವ ಮರಣದಂಡನೆಯೇ ಎಂದು ಅವರು 2014ರಲ್ಲೇ ಹೇಳಿದ್ದರು. ಅಂಗ ಕೊಳೆತಿದೆಯೇ ಇಲ್ಲವೇ ಎಂದು ವೈದ್ಯನು ಹೇಳಬಲ್ಲ. ಒಂದು ಆತ್ಮ ಇನ್ನು ಗುಣವಾಗದೆಂದು ಹೇಳಬಲ್ಲವರು ಭೂಮಿಯ ಮೇಲೆ ಯಾರಿದ್ದಾರೆ?

ನಮ್ಮ ದೇಶದ ಕಾನೂನು ಕೂಡ ಹೆಜ್ಜೆ ಹೆಜ್ಜೆಯಾಗಿ ಈ ಕಡೆಗೆ ಬಂದಿದೆ. 1955ರ ತಿದ್ದುಪಡಿಯ ಮೂಲಕ ದಂಡಸಂಹಿತೆಯಲ್ಲಿದ್ದ ಕಡಲಾಚೆಯ ಗಡೀಪಾರನ್ನು ತೆಗೆದು ಜೀವಾವಧಿ ಕಾರಾಗೃಹವಾಸ ಎಂದು ಬರೆದರು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯು ಕೆಲವು ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ಕಡಲಾಚೆ ಎಸೆಯುವುದರಿಂದ ಹೊರಟ ದಾರಿ, ನಮ್ಮ ನಡುವೆಯೇ ನಿಂತು ತಪ್ಪನ್ನು ತಿದ್ದಿಕೋ ಎನ್ನುವಲ್ಲಿಗೆ ಬಂದಿದೆ.

ನೊಂದವರು ಕೇಳುವ ಪ್ರಶ್ನೆ

ಇಷ್ಟು ಓದಿದ ನಿಮ್ಮಲ್ಲಿ ಯಾರಾದರೂ ಕೇಳಬಹುದು: "ಫಾದರ್, ಅಪರಾಧಿಯ ಬಗ್ಗೆ ಇಷ್ಟು ಕನಿಕರ ತೋರಿಸುತ್ತೀರಿ. ಕಳೆದುಕೊಂಡವರ ಗತಿ ಏನು?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡದ ಯಾವ ಕರುಣೆಯೂ ಕ್ರಿಸ್ತರ ಕರುಣೆಯಲ್ಲ. ಕಾಯಿನನಿಗೆ ಗುರುತು ಹಾಕುವ ಮೊದಲು ದೇವರು ಹೇಬೆಲನ ರಕ್ತದ ಕೂಗನ್ನು ಕೇಳಿದರು ಎಂಬುದನ್ನು ಮರೆಯಬಾರದು.

ನಮ್ಮ ಜಿಲ್ಲೆಯದೇ ಒಂದು ಪ್ರಕರಣವನ್ನು ತೆಗೆದುಕೊಳ್ಳೋಣ. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಮೇಲೆ ಹಲ್ಲೆ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೂ ಹೋಟೆಲಿಗೂ ದಲಿತರಿಗೆ ಪ್ರವೇಶವಿಲ್ಲವೆಂಬ ತಕರಾರು ಅದರ ಹಿಂದಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಸೆರೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಅವರಲ್ಲಿ ಬಹುತೇಕರಿಗೆ ಜಾಮೀನು ಕೊಟ್ಟಿತು. ಯಾರ ಮೇಲೆ ಎಷ್ಟು ತಪ್ಪು ಎಂದು ಅಳೆಯುವುದು ನ್ಯಾಯಾಲಯದ ಕೆಲಸ. ನಮ್ಮ ವಿಚಾರಕ್ಕೆ ಬೇಕಾದದ್ದು ಬೇರೆ.

ಮೊದಲನೆಯದು: ಯಾವ ಅಪರಾಧವನ್ನೂ ಮಾಡದೆ ತಲೆತಲಾಂತರದಿಂದ ಗಡೀಪಾರಿನ ಶಿಕ್ಷೆ ಅನುಭವಿಸಿದವರು ನಮ್ಮ ಊರುಗಳಲ್ಲೇ ಇದ್ದಾರೆ. ಅವರಿಗಾಗಿ ಹಡಗು ಬೇಕಾಗಲಿಲ್ಲ, ಕರಿನೀರೂ ಬೇಕಾಗಲಿಲ್ಲ. ಊರಿಗೂ ಕೇರಿಗೂ ನಡುವೆ ಇರುವ ನೂರು ಹೆಜ್ಜೆಯೇ ಸಾಕಾಯಿತು. ಅವರ ಹಣೆಯ ಮೇಲೆ ಹಚ್ಚೆ ಹೊಯ್ಯಲಿಲ್ಲ. ಹೆಸರಿನಿಂದಲೇ ಗುರುತು ಹಿಡಿದರು. ಕಡಲಾಚೆಯ ಗಡೀಪಾರನ್ನು 1955ರಲ್ಲಿ ತೆಗೆದುಹಾಕಿದ ನಾವು ಈ ಗಡೀಪಾರನ್ನು ಪೂರ್ತಿ ತೆಗೆದುಹಾಕಿದ್ದೇವೆಯೇ? ನಮ್ಮ ಧರ್ಮಕೇಂದ್ರಗಳ ಬೆಂಚುಗಳಲ್ಲಿ, ಸ್ಮಶಾನಗಳಲ್ಲಿ, ಮದುವೆ ಮಾತುಕತೆಗಳಲ್ಲಿ ಅದರ ನೆರಳು ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ?

ಎರಡನೆಯದು: ಅಂಥ ತಪ್ಪಿಗೆ ಶಿಕ್ಷೆ ಬೇಕು. ಶಿಕ್ಷೆಯೇ ಇಲ್ಲವೆಂದರೆ ನೊಂದವನಿಗೆ 'ನಿನ್ನ ನೋವು ಲೆಕ್ಕಕ್ಕಿಲ್ಲ' ಎಂದಂತಾಗುತ್ತದೆ. ಸುಟ್ಟ ಗುಡಿಸಲಿನವನು ಊರಿನಲ್ಲಿ ತಲೆಯೆತ್ತಿ ನಡೆಯುವಂತಾಗಬೇಕು. ಆದರೆ ಸುಟ್ಟವನೂ ಒಂದು ದಿನ ಅದೇ ಊರಿಗೆ ಬರುತ್ತಾನೆ. ಅದೇ ಬೋರ್‌ವೆಲ್, ಅದೇ ಬಸ್‌ಸ್ಟ್ಯಾಂಡ್. ಅವನನ್ನು ಎಸೆಯಲು ನಮಗೀಗ ದ್ವೀಪವಿಲ್ಲ. ಹಾಗಾದರೆ ಅವರಿಬ್ಬರೂ ಒಂದೇ ಊರಿನಲ್ಲಿ ಬದುಕುವುದು ಹೇಗೆ? ಇದಕ್ಕೆ ತೀರ್ಪಿನ ಪ್ರತಿಯಲ್ಲಿ ಉತ್ತರವಿರುವುದಿಲ್ಲ. ತಪ್ಪು ಮಾಡಿದವನು ಸತ್ಯವನ್ನು ಒಪ್ಪಬೇಕು, ಆದ ನಷ್ಟವನ್ನು ತುಂಬಿಕೊಡಬೇಕು, ಊರು ಅವನಿಗೆ ಹಾದಿ ಬಿಡಬೇಕು. ಪಾಪನಿವೇದನೆಯಲ್ಲಿ ನಾವು ಮಾಡುವುದೂ ಇದನ್ನೇ ಅಲ್ಲವೇ? ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ. ಆಮೇಲೆ ಪರಮಪ್ರಸಾದದ ಪಂಕ್ತಿಯಲ್ಲಿ ಮತ್ತೆ ಜಾಗ. ಪ್ರಾಯಶ್ಚಿತ್ತವಿಲ್ಲದೆ ಪಂಕ್ತಿಗೆ ಕರೆಯುವುದು ಅಗ್ಗದ ಕರುಣೆ. ಪ್ರಾಯಶ್ಚಿತ್ತ ಮುಗಿದ ಮೇಲೂ ಪಂಕ್ತಿಯಿಂದ ಹೊರಗಿಡುವುದು ಕರಿನೀರು. ಇಷ್ಟರಲ್ಲಿ ಒಂದು ಎಚ್ಚರಿಕೆ ಬೇಕು. ಕ್ಷಮಿಸು ಎಂದು ನೊಂದವನನ್ನು ಒತ್ತಾಯಿಸುವ ಅಧಿಕಾರ ನಮಗಿಲ್ಲ. ಕ್ಷಮೆ ಅವನು ಕೊಡುವ ದಾನ, ನಾವು ವಸೂಲಿ ಮಾಡುವ ಬಾಕಿಯಲ್ಲ.

ನಮ್ಮ ಬಾಗಿಲಲ್ಲಿ ನಿಂತವರು

ಕುಟುಂಬಗಳ ಪುಟದಲ್ಲಿ ಇದನ್ನೆಲ್ಲ ಏಕೆ ಬರೆಯಬೇಕು? ಏಕೆಂದರೆ ಸೆರೆಗೆ ಹೋಗುವವನು ಒಬ್ಬ, ಶಿಕ್ಷೆ ಅನುಭವಿಸುವುದು ಒಂದು ಮನೆ. ಮುಂಜಾನೆ ಕೊಪ್ಪಳದಲ್ಲಿ ರೈಲು ಹತ್ತಿ, ಹೊಸಪೇಟೆ ದಾಟಿ, ಬಳ್ಳಾರಿಯ ಕೇಂದ್ರ ಕಾರಾಗೃಹದ ಬಾಗಿಲಲ್ಲಿ ಸರದಿ ನಿಂತು, ಗಂಡನೊಡನೆ ನಾಲ್ಕು ಮಾತಾಡಿ ಬರುವ ಹೆಂಗಸಿಗೆ ಅಂದಿನ ಕೂಲಿಯೂ ಇಲ್ಲ. ಊರಿಗೆ ಬಂದರೆ 'ಎಲ್ಲಿಗೆ ಹೋಗಿದ್ದೆವ್ವಾ?' ಎಂಬ ಪ್ರಶ್ನೆಗೆ ಸುಳ್ಳು ಹೇಳಬೇಕು. ಮಗ ಶಾಲೆಯಲ್ಲಿ 'ಜೈಲಿನವನ ಮಗ' ಎನಿಸಿಕೊಳ್ಳುತ್ತಾನೆ. ಮಗಳಿಗೆ ಬಂದ ಸಂಬಂಧ ಮುರಿಯುತ್ತದೆ. ಇವರ ಹಣೆಯ ಮೇಲಿನ ಹಚ್ಚೆ ಹೊಯ್ದವರು ಯಾರು? ಕಂಪನಿ ಸರ್ಕಾರವಂತೂ ಅಲ್ಲ.

ಮತ್ತೊಂದು ಮಾತು. 2022ರ ಲೆಕ್ಕದಂತೆ ನಮ್ಮ ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣೆ ಮುಗಿಯದವರು. ತಪ್ಪಿತಸ್ಥರೆಂದು ಇನ್ನೂ ಸಾಬೀತಾಗಿಲ್ಲ. ಜಾಮೀನಿಗೆ ಹಣವಿಲ್ಲದೆ, ಶ್ಯೂರಿಟಿಗೆ ಸಹಿ ಹಾಕುವವರಿಲ್ಲದೆ ಒಳಗಿರುವ ಬಡವರು ಅವರಲ್ಲಿ ಎಷ್ಟೋ ಜನ. ಶಿಕ್ಷೆಯಾದವನು ಪೆರೋಲಿಗೆ ಅರ್ಜಿ ಹಾಕಿದರೂ ಊರಿನ ಠಾಣೆಯಿಂದ ವರದಿ ಹೋಗಬೇಕು. ಊರಿನವರು 'ಅವನು ಬರುವುದು ಬೇಡ' ಎಂದರೆ ತಾಯಿಯ ಮಣ್ಣಿಗೂ ಮಗ ಬರುವುದು ಕಷ್ಟ. ನ್ಯಾಯಾಲಯ ತೆಗೆದುಹಾಕಿದ ಕಡಲನ್ನು ನಾವೇ ಮತ್ತೆ ತಂದು ತುಂಬಿಸಿದಂತೆ.

ಪವಿತ್ರ ಗ್ರಂಥದ ಅತಿ ಚಿಕ್ಕ ಪತ್ರಗಳಲ್ಲೊಂದು ಸಂತ ಪೌಲರು ಫಿಲೆಮೋನನಿಗೆ ಬರೆದದ್ದು. ಬರೆದದ್ದು ಸೆರೆಮನೆಯಿಂದ. ಒನೇಸಿಮನೆಂಬ ದಾಸ ಫಿಲೆಮೋನನ ಮನೆಯಿಂದ ಓಡಿಹೋಗಿದ್ದ. ಏನಾದರೂ ನಷ್ಟವನ್ನೂ ಮಾಡಿದ್ದಿರಬಹುದು. ಪೌಲರು ಅವನನ್ನು ತನ್ನಲ್ಲೇ ಅಡಗಿಸಿಡಲಿಲ್ಲ; ಕೈಗೆ ಪತ್ರ ಕೊಟ್ಟು ಅದೇ ಮನೆಗೆ ಕಳುಹಿಸಿದರು. ಅವನನ್ನು ದಾಸನಂತಲ್ಲ, ಸಹೋದರನಂತೆ ಸೇರಿಸಿಕೋ ಎಂದರು. ಬಾಕಿಯೇನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ ಎಂದೂ ಸೇರಿಸಿದರು. ಗಮನಿಸಿ: ಬಾಕಿ ಇಲ್ಲವೆಂದು ಹೇಳಲಿಲ್ಲ. ಅದನ್ನು ತಾನು ತೀರಿಸುತ್ತೇನೆಂದರು. ಮರಳಿ ಬರುವವನಿಗೆ ಬೇಕಾದದ್ದು ಅವನ ಪರವಾಗಿ ಹೀಗೆ ಒಂದು ಸಹಿ ಹಾಕುವ ಮನುಷ್ಯ.

ಆದ್ದರಿಂದ ಈ ವಾರ ಜಪಸರ ಮುಗಿದ ಮೇಲೆ ಮನೆಮಂದಿ ಕೂತು ಯೋಚಿಸಿ. ನಿಮ್ಮ ಬೀದಿಯಲ್ಲಿ ಸೆರೆಯಲ್ಲಿರುವವನ ಮನೆ ಇದೆಯೇ? ಆ ಮನೆಯ ತಾಯಿ ಪೂಜೆಗೆ ಬಂದರೆ ಕೊನೆಯ ಬೆಂಚಿನಲ್ಲಿ ಒಬ್ಬಳೇ ಕೂರುತ್ತಾಳೆಯೇ? ನಿಮ್ಮ ಮನೆಯ ಲಗ್ನಪತ್ರಿಕೆ ಅವಳ ಮನೆಗೆ ಹೋಯಿತೇ? ಬಳ್ಳಾರಿಗೆ ಹೋಗುವ ದಿನ ಅವಳ ಮಕ್ಕಳಿಗೆ ಊಟ ಹಾಕುವವರಿದ್ದಾರೆಯೇ? ಬಿಡುಗಡೆಯಾಗಿ ಬಂದವನಿಗೆ ಗದ್ದೆಯಲ್ಲೋ ಗ್ಯಾರೇಜಿನಲ್ಲೋ ಕೆಲಸ ಕೊಡುವ ಧೈರ್ಯ ನಿಮ್ಮಲ್ಲಿ ಯಾರಿಗಿದೆ? ಜೊತೆಗೆ ಇದನ್ನೂ ಕೇಳಿಕೊಳ್ಳಿ: ಅವನಿಂದ ನೊಂದ ಮನೆ ಯಾವುದು, ಅಲ್ಲಿಗೆ ನಾವು ಕೊನೆಯ ಸಲ ಹೋದದ್ದು ಯಾವಾಗ? ಎರಡೂ ಮನೆಗೆ ಹೋಗಬಲ್ಲವರು ಊರಿಗೊಬ್ಬರಾದರೂ ಬೇಕು. ಅದು ಕ್ರೈಸ್ತರ ಮನೆಯಿಂದ ಬಂದವರಾದರೆ ಒಳ್ಳೆಯದು.

ಮತ್ತಾಯನ ಶುಭಸಂದೇಶದಲ್ಲಿ ಯೇಸುಸ್ವಾಮಿ ಕಡೆಯ ತೀರ್ಪಿನ ದಿನದ ಮಾತು ಹೇಳುವಾಗ ಸೆರೆಯಲ್ಲಿದ್ದವನನ್ನು ಕಾಣಲು ಹೋದವರನ್ನು ತಮ್ಮ ಬಳಿಗೆ ಕರೆಯುತ್ತಾರೆ. ಸೆರೆಯಲ್ಲಿದ್ದವನು ನಿರಪರಾಧಿಯೋ ಅಪರಾಧಿಯೋ ಎಂದು ಅಲ್ಲಿ ವಿಚಾರಿಸಿಲ್ಲ. ನೀವು ಹೋದಿರಾ ಎಂದಷ್ಟೇ ಕೇಳಿದ್ದಾರೆ. ಬಳ್ಳಾರಿ ನಮಗೆ ಕಡಲಾಚೆಯಲ್ಲ, ರೈಲಿನಲ್ಲಿ ಕೆಲವೇ ತಾಸಿನ ದಾರಿ.